ತೊರವಿ: ರಾಜಧಾನಿಯಾಗಲು ಹೊರಟು ಹಳ್ಳಿಯಾಗಿಯೇ ಉಳಿದ ಊರು

ವಿಜಯಪುರ ನಗರದಿಂದ ಪಶ್ಚಿಮಕ್ಕೆ, ತಿಕೋಟಾ ಮಾರ್ಗವಾಗಿ ಅಥಣಿಗೆ ಹೋಗುವ ರಸ್ತೆಯಲ್ಲಿ ಸುಮಾರು 6 ಕಿ.ಮೀ. ಸಾಗಿದರೆ ಸಿಗುವ ಊರು ತೊರವಿ. ಗೋಲಗುಮ್ಮಟವನ್ನು ನೋಡಲು ಕರಾವಳಿಯಿಂದ ಪ್ರತಿವರ್ಷ ಶಾಲಾ ಮಕ್ಕಳ ಪ್ರವಾಸಗಳೂ ಕುಟುಂಬಗಳೂ ವಿಜಯಪುರಕ್ಕೆ ಹೋಗುತ್ತವೆ. ಗುಮ್ಮಟದೊಳಗೆ ಪ್ರತಿಧ್ವನಿ ಕೇಳಿ, ಇಬ್ರಾಹಿಂ ರೋಜಾ ನೋಡಿ, ಅಂದೇ ಸಂಜೆ ಹಿಂದಿರುಗುವವರೇ ಹೆಚ್ಚು. ಇಬ್ರಾಹಿಂ ರೋಜಾದಿಂದ ಇನ್ನು ಸ್ವಲ್ಪ ಮುಂದಿರುವ ತೊರವಿಯ ಹೆಸರನ್ನು ಅವರು ಕೇಳಿರುವುದು ಅಪರೂಪ. ಆದರೆ ಕನ್ನಡದ ಒಂದು ಮಹಾಕಾವ್ಯ ಈ ಊರಿನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಒಬ್ಬ ಸುಲ್ತಾನನು ತನ್ನ ಕನಸಿನ ನಗರವನ್ನು ಕಟ್ಟಲು ಆರಿಸಿಕೊಂಡದ್ದೂ ಇದೇ ಊರಿನ ಮಗ್ಗುಲನ್ನು. ವಿಜಾಪುರ ನಗರಕ್ಕೆ ಕುಡಿಯುವ ನೀರು ಹರಿದು ಹೋದದ್ದೂ ಇಲ್ಲಿಂದಲೇ. ಈ ಮೂರು ವಿಷಯಗಳನ್ನು ನಮ್ಮ ಓದುಗರಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ಹೆಸರು ಮತ್ತು ನೆಲ

ಪುಸ್ತಕಗಳಲ್ಲಿ ಈ ಊರು 'ತೊರವೆ' ಎಂದಿದೆ, ಜನರ ಬಾಯಲ್ಲಿ 'ತೊರವಿ'. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಮನೆ 'ಮನಿ' ಆಗುವಂತೆ, ಕೆರೆ 'ಕೆರಿ' ಆಗುವಂತೆ ತೊರವೆ ತೊರವಿಯಾಗಿದೆ. ಇಂದು ಸರಕಾರಿ ಬರವಣಿಗೆಯಲ್ಲಿಯೂ ತೊರವಿ ಎಂದೇ ರೂಢಿ.

ಈ ಭಾಗ ಮಳೆ ಕಡಿಮೆ ಇರುವ ಬಯಲುಸೀಮೆ. ಕರಾವಳಿಯಲ್ಲಿ ಆಷಾಢದ ಒಂದೇ ತಿಂಗಳಲ್ಲಿ ಬೀಳುವಷ್ಟು ಮಳೆ ಇಲ್ಲಿ ಇಡೀ ವರ್ಷದಲ್ಲಿಯೂ ಬೀಳುವುದಿಲ್ಲ. ಮಹಾರಾಷ್ಟ್ರದ ಜತ್ತ ಭಾಗದಲ್ಲಿ ಹುಟ್ಟುವ ಡೋಣಿ ನದಿಯು ವಿಜಯಪುರ ಜಿಲ್ಲೆಯಲ್ಲಿ ಹರಿದು ಕೃಷ್ಣೆಯನ್ನು ಸೇರುತ್ತದೆ. ಅದರ ದಂಡೆಯ ಎರೆಭೂಮಿ ಹಿಂಗಾರಿ ಬಿಳಿಜೋಳಕ್ಕೆ ಹೆಸರುವಾಸಿ. ಡೋಣಿಯ ಬೆಳೆ ಬಂದರೆ ಓಣಿ ಓಣಿಯೂ ಉಣ್ಣುತ್ತದೆ ಎಂಬ ಅರ್ಥದ ಗಾದೆ ಇಲ್ಲಿನ ಹಿರಿಯರ ಬಾಯಲ್ಲಿದೆ. ಬೆಳೆ ಬಾರದ ವರ್ಷ ಎಷ್ಟು ಕಷ್ಟದ್ದೆಂಬುದೂ ಅದೇ ಮಾತಿನಲ್ಲಿ ಅಡಗಿದೆ. ತೊರವಿಯ ಇತಿಹಾಸವನ್ನು ತಿಳಿಯಬೇಕಾದರೆ ಈ ನೀರಿನ ಕೊರತೆಯನ್ನು ಮೊದಲು ನೆನಪಿನಲ್ಲಿಡಬೇಕು.

ಕವಿ ನರಹರಿ ಮತ್ತು ತೊರವೆ ರಾಮಾಯಣ

ಊರಿನ ಅತ್ಯಂತ ಹಳೆಯ ಕೀರ್ತಿ ಇಲ್ಲಿನ ನರಸಿಂಹ ದೇವರಿಗೂ ಆ ದೇವರ ಭಕ್ತನಾದ ಕವಿಗೂ ಸೇರಿದ್ದು. ನರಹರಿ ಎಂಬ ಈ ಕವಿ 'ಕುಮಾರ ವಾಲ್ಮೀಕಿ' ಎಂದು ತನ್ನನ್ನು ಕರೆದುಕೊಂಡನು. ಅವನ ಕಾಲ ಸುಮಾರು ಕ್ರಿ.ಶ. 1500 ಎಂದು ವಿದ್ವಾಂಸರು ಹೇಳುತ್ತಾರೆ. ಅವನಿಗಿಂತ ಹಿಂದಿನ ಕುಮಾರವ್ಯಾಸನು ಗದುಗಿನ ನಾರಾಯಣನ ಅಂಕಿತದಲ್ಲಿ ಮಹಾಭಾರತವನ್ನು ಬರೆದನಷ್ಟೆ. ಅದೇ ಪರಂಪರೆಯಲ್ಲಿ ನರಹರಿಯು ತೊರವೆಯ ನರಸಿಂಹನ ಅಂಕಿತದಲ್ಲಿ ರಾಮಾಯಣವನ್ನು ಕನ್ನಡಕ್ಕೆ ತಂದನು. ಗದುಗಿನ ಭಾರತದಂತೆ ಇದು ತೊರವೆ ರಾಮಾಯಣವಾಯಿತು. ಹೀಗೆ ಕವಿಯ ಹೆಸರಿಗಿಂತ ಊರಿನ ಹೆಸರೇ ಮುಂದಾಯಿತು.

ಈ ಕಾವ್ಯದ ಮಹತ್ವ ಏನು? ಇದಕ್ಕಿಂತ ಮೊದಲು ಕನ್ನಡದಲ್ಲಿ ರಾಮನ ಕಥೆಯನ್ನು ಸಮಗ್ರವಾಗಿ ಹೇಳಿದ ಪ್ರಸಿದ್ಧ ಕೃತಿಗಳು ಜೈನ ಸಂಪ್ರದಾಯದವು. ನಾಗಚಂದ್ರನ ರಾಮಚಂದ್ರಚರಿತ ಪುರಾಣವು ಅವುಗಳಲ್ಲಿ ಮುಖ್ಯವಾದುದು. ವಾಲ್ಮೀಕಿಯ ಕಥೆಯ ಜಾಡಿನಲ್ಲಿ ಸಾಗುವ ದೊಡ್ಡ ಕನ್ನಡ ರಾಮಾಯಣವೆಂದರೆ ತೊರವೆ ರಾಮಾಯಣವೇ ಮೊದಲನೆಯದು. ಇದರಲ್ಲಿ ಐದು ಸಾವಿರಕ್ಕೂ ಹೆಚ್ಚು ಪದ್ಯಗಳಿವೆ. ಶಿವನು ಪಾರ್ವತಿಗೆ ಕಥೆ ಹೇಳುವ ರೀತಿಯಲ್ಲಿ ಇದರ ನಿರೂಪಣೆ ಸಾಗುತ್ತದೆ.

ಕಾವ್ಯದ ಛಂದಸ್ಸು ಭಾಮಿನೀ ಷಟ್ಪದಿ. ಪದ್ಯಕ್ಕೆ ಆರು ಸಾಲು. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ 14 ಮಾತ್ರೆಗಳು, ಮೂರು ಮತ್ತು ಆರನೆಯ ಸಾಲುಗಳಲ್ಲಿ 23 ಮಾತ್ರೆಗಳು. ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಒಂದಾದ ಮೇಲೊಂದು ಬರುವುದರಿಂದ ಇದಕ್ಕೆ ನಡಿಗೆಯಂತಹ ಲಯವಿದೆ. ಓದು ಬಾರದವರೂ ಕೇಳಿ ನೆನಪಿಟ್ಟುಕೊಳ್ಳಬಹುದಾದ ಲಯ ಇದು. ಗುಡಿಯಲ್ಲಿ, ಮನೆಯ ಪಡಸಾಲೆಯಲ್ಲಿ, ಒಬ್ಬರು ಓದಿ ಇನ್ನೊಬ್ಬರು ಅರ್ಥ ಹೇಳುವ ಗಮಕದ ಪದ್ಧತಿಯಿಂದ ಈ ಕಾವ್ಯ ನಾಡಿನಾದ್ಯಂತ ಹರಡಿತು.

ನಮ್ಮ ಕರಾವಳಿಗೂ ಇದಕ್ಕೂ ಹತ್ತಿರದ ನಂಟಿದೆ. ಕಾಸರಗೋಡು ಜಿಲ್ಲೆಯ ಕುಂಬಳೆಯ ಪಾರ್ತಿಸುಬ್ಬನು ಯಕ್ಷಗಾನಕ್ಕಾಗಿ ರಚಿಸಿದ ರಾಮಾಯಣದ ಪ್ರಸಂಗಗಳು ಕಥೆಯ ಜಾಡಿನಲ್ಲಿ ತೊರವೆ ರಾಮಾಯಣವನ್ನು ಅನುಸರಿಸುತ್ತವೆ ಎಂಬುದು ಯಕ್ಷಗಾನ ವಿದ್ವಾಂಸರ ಅಭಿಪ್ರಾಯ. ನಮ್ಮ ಊರಿನ ಗದ್ದೆಯಲ್ಲಿ ರಾತ್ರಿಯಿಡೀ ನಡೆಯುವ ಪಂಚವಟಿ ಅಥವಾ ವಾಲಿಸಂಹಾರದ ಆಟದ ಹಿಂದೆ ವಿಜಯಪುರದ ಬಯಲಿನ ಈ ಸಣ್ಣ ಊರು ಇದೆ ಎಂಬುದನ್ನು ನಮ್ಮ ಓದುಗರಲ್ಲಿ ಅನೇಕರು ತಿಳಿದಿರಲಿಕ್ಕಿಲ್ಲ.

ನವರಸಪುರ: ಸಂಗೀತಕ್ಕಾಗಿ ಒಂದು ನಗರ

ಕಾವ್ಯ ಹುಟ್ಟಿ ಸುಮಾರು ನೂರು ವರ್ಷಗಳ ನಂತರ ತೊರವಿಯ ಮಗ್ಗುಲಿಗೆ ಕಲ್ಲು, ಗಾರೆ, ಕೆಲಸಗಾರರ ದಂಡು ಬಂದಿತು. ವಿಜಾಪುರವನ್ನು ಆಗ ಆಳುತ್ತಿದ್ದವನು ಎರಡನೆಯ ಇಬ್ರಾಹಿಂ ಆದಿಲ್ ಶಾಹ. ಅವನ ಆಳ್ವಿಕೆಯ ಕಾಲ 1580ರಿಂದ 1627. ಪಟ್ಟಕ್ಕೆ ಬಂದಾಗ ಅವನಿನ್ನೂ ಬಾಲಕ. ಬೆಳೆದಂತೆ ಸಂಗೀತವೇ ಅವನ ಉಸಿರಾಯಿತು. ಅವನು ದಖ್ಖನಿ ಭಾಷೆಯಲ್ಲಿ ರಚಿಸಿದ 'ಕಿತಾಬ್-ಎ-ನವರಸ್' ಎಂಬ ಹಾಡುಗಳ ಪುಸ್ತಕದಲ್ಲಿ ಸರಸ್ವತಿ, ಗಣಪತಿಯರ ಸ್ತುತಿಯೂ ಇದೆ, ಕಲಬುರಗಿಯ ಸೂಫಿ ಸಂತ ಬಂದೇನವಾಜ್ ಗೇಸುದರಾಜರ ಸ್ತುತಿಯೂ ಇದೆ. ಹಾಡುಗಳನ್ನು ರಾಗಗಳ ಹೆಸರಿನ ಕೆಳಗೆ ಜೋಡಿಸಲಾಗಿದೆ. ಜನರು ಅವನನ್ನು 'ಜಗದ್ಗುರು' ಎಂದು ಕರೆದರು.

'ನವರಸ' ಎಂಬ ಶಬ್ದ ಅವನಿಗೆ ಬಹು ಪ್ರಿಯ. ಶೃಂಗಾರ, ವೀರ, ಕರುಣ ಮೊದಲಾದ ಒಂಬತ್ತು ರಸಗಳೆಂಬುದು ನಮ್ಮ ಅರ್ಥ. ಪಾರಸಿಯಲ್ಲಿ ಅದೇ ಉಚ್ಚಾರಕ್ಕೆ 'ಹೊಸದಾಗಿ ಬಂದದ್ದು' ಎಂಬ ಅರ್ಥ ಬರುತ್ತದೆ. ಎರಡು ಭಾಷೆಗಳಲ್ಲಿ ಎರಡು ಸೊಗಸು. 1599ರಲ್ಲಿ ಅವನು ತೊರವಿಯ ಬಳಿ ಕಟ್ಟಲು ಆರಂಭಿಸಿದ ಹೊಸ ನಗರಕ್ಕೂ 'ನವರಸಪುರ' ಎಂದೇ ಹೆಸರಿಟ್ಟನು. ಅರಮನೆಗಳು, ಸರದಾರರ ಮನೆಗಳು, ತೋಟಗಳು, ಸುತ್ತಲೂ ಕೋಟೆಗೋಡೆ ಎಂಬುದು ಯೋಜನೆ. ಆ ಕಾಲದ ಆಸ್ಥಾನದಲ್ಲಿ ಪಾರಸಿ ಕವಿ ಜುಹೂರಿ ಇದ್ದನು. ಪ್ರಸಿದ್ಧ ಇತಿಹಾಸಕಾರ ಫೆರಿಶ್ತಾ ತನ್ನ ಗ್ರಂಥವನ್ನು ಬರೆದದ್ದು ಇದೇ ಸುಲ್ತಾನನ ಆಶ್ರಯದಲ್ಲಿ.

ಯುರೋಪಿನವರೂ ಈ ಆಸ್ಥಾನಕ್ಕೆ ಬಂದರು. ಹಾಲೆಂಡಿನ ಹಾರ್ಲೆಮ್ ಪಟ್ಟಣದ ಚಿತ್ರಕಾರ ಕಾರ್ನೆಲಿಸ್ ಹೇಡಾ ಎಂಬಾತ ಗೋವೆಯ ದಾರಿಯಾಗಿ ವಿಜಾಪುರಕ್ಕೆ ಬಂದು, ಸುಮಾರು 1610ರಿಂದ ಇಬ್ರಾಹಿಮನ ಬಳಿ ಚಿತ್ರಕಾರನಾಗಿ ಕೆಲಸ ಮಾಡಿದನು. ಗೋವೆ ಮತ್ತು ವಿಜಾಪುರದ ಸಂಬಂಧ ನಮ್ಮ ಓದುಗರಿಗೆ ಹೊರಗಿನ ವಿಷಯವಲ್ಲ. 1510ರಲ್ಲಿ ಪೋರ್ತುಗೀಸರು ಗೋವೆಯನ್ನು ಗೆದ್ದುಕೊಂಡದ್ದು ಆದಿಲ್ ಶಾಹಿಗಳಿಂದಲೇ. ಬಾರ್ದೇಸ್ ಮತ್ತು ಸಾಷ್ಟಿ ಪ್ರಾಂತ್ಯಗಳು 1543ರಲ್ಲಿ ಅವರ ಕೈಯಿಂದಲೇ ಪೋರ್ತುಗೀಸರಿಗೆ ಹೋದವು. ಕರಾವಳಿಯ ಅನೇಕ ಕೊಂಕಣಿ ಕಥೋಲಿಕ ಕುಟುಂಬಗಳ ಪೂರ್ವಜರು ಗೋವೆಯ ಆ ಪ್ರಾಂತ್ಯಗಳಿಂದ ಬಂದವರು. ಅವರ ಹಿರಿಯರ ನೆಲವೂ ಒಂದು ಕಾಲದಲ್ಲಿ ವಿಜಾಪುರದ ಗುಮ್ಮಟಗಳ ಒಡೆಯರಿಗೇ ಕಂದಾಯ ಕೊಟ್ಟಿತ್ತು.

1624ರ ದಾಳಿ

ನವರಸಪುರದ ಆಯುಷ್ಯ ಕೇವಲ 25 ವರ್ಷ. ಅಹಮದ್‌ನಗರದ ನಿಜಾಮ್ ಶಾಹಿ ರಾಜ್ಯದ ಆಡಳಿತವನ್ನು ಆಗ ನಡೆಸುತ್ತಿದ್ದವನು ಮಲಿಕ್ ಅಂಬರ್. ಆಫ್ರಿಕಾದಲ್ಲಿ ಹುಟ್ಟಿ, ಗುಲಾಮನಾಗಿ ಭಾರತಕ್ಕೆ ಬಂದು, ಸೇನಾಪತಿಯ ಪದವಿಗೆ ಏರಿದವನು ಇವನು. 1624ರಲ್ಲಿ ಭಾತವಡಿ ಎಂಬಲ್ಲಿ ಮೊಗಲರ ಮತ್ತು ವಿಜಾಪುರದವರ ಕೂಡಿದ ಸೈನ್ಯವನ್ನು ಸೋಲಿಸಿದ ಮಲಿಕ್ ಅಂಬರ್, ಅಲ್ಲಿಂದ ವಿಜಾಪುರದ ಮೇಲೆಯೇ ನುಗ್ಗಿದನು. ವಿಜಾಪುರಕ್ಕೆ ಬಲವಾದ ಕೋಟೆ ಇತ್ತು. ನವರಸಪುರದ ಗೋಡೆ ಮಾತ್ರ ಇನ್ನೂ ಪೂರ್ತಿಯಾಗಿರಲಿಲ್ಲ. ಹೊಸ ನಗರ ಲೂಟಿಗೆ ಒಳಗಾಯಿತು. ಮೂರು ವರ್ಷಗಳ ನಂತರ, 1627ರಲ್ಲಿ, ಇಬ್ರಾಹಿಂ ತೀರಿಕೊಂಡನು. ಅವನ ಉತ್ತರಾಧಿಕಾರಿಗಳು ನವರಸಪುರವನ್ನು ಮತ್ತೆ ಕಟ್ಟಲಿಲ್ಲ. 1686ರಲ್ಲಿ ಔರಂಗಜೇಬನು ವಿಜಾಪುರವನ್ನು ವಶಪಡಿಸಿಕೊಂಡಾಗ ಆದಿಲ್ ಶಾಹಿ ರಾಜ್ಯವೇ ಕೊನೆಗೊಂಡಿತು.

ಇಂದು ಅಲ್ಲಿ ಉಳಿದಿರುವ ಮುಖ್ಯ ಕಟ್ಟಡ ಸಂಗೀತ ಮಹಲ್. ವಿಜಯಪುರದ ಅರಕಿಲ್ಲೆಯಲ್ಲಿರುವ ಗಗನ ಮಹಲ್‌ನ ಮಾದರಿಯಲ್ಲಿಯೇ ಇದನ್ನು ಕಟ್ಟಲಾಗಿದೆ. ನಡುವೆ ಒಂದು ಅಗಲವಾದ ದೊಡ್ಡ ಕಮಾನು, ಎರಡೂ ಬದಿಗಳಲ್ಲಿ ಕಿರಿದಾದ ಎತ್ತರದ ಕಮಾನುಗಳು. ಅದರ ಸಮೀಪದಲ್ಲಿ ನಾರಿ ಮಹಲ್ ಎಂದು ಕರೆಯಲಾಗುವ ಕಟ್ಟಡವಿದೆ. ಪೂರ್ತಿಯಾಗದ ಕೋಟೆಗೋಡೆಯ ತುಂಡುಗಳು ಹೊಲಗಳ ನಡುವೆ ಅಲ್ಲಲ್ಲಿ ಕಾಣಸಿಗುತ್ತವೆ. ಜಿಲ್ಲಾಡಳಿತವು ನಡೆಸಿದ ನವರಸಪುರ ಉತ್ಸವದ ಹೆಸರಿನ ಮೂಲ ಇದೇ ಜಾಗ.

ತೊರವಿಯ ನೀರು

ನವರಸಪುರಕ್ಕಿಂತಲೂ ಹೆಚ್ಚು ಕಾಲ ಜನರಿಗೆ ಉಪಯೋಗಕ್ಕೆ ಬಂದದ್ದು ತೊರವಿಯ ನೀರು. ವಿಜಾಪುರ ರಾಜಧಾನಿಯಾಗಿ ಬೆಳೆದಂತೆ ಕೋಟೆಯೊಳಗಿನ ಬಾವಿಗಳು ಸಾಲದಾದವು. ನಗರಕ್ಕಿಂತ ಎತ್ತರದಲ್ಲಿರುವ ತೊರವಿಯ ಕಡೆಯಿಂದ ನೀರು ತರುವ ವ್ಯವಸ್ಥೆ ಆದಿಲ್ ಶಾಹಿಗಳ ಕಾಲದಲ್ಲಿ ಆಯಿತು. ಇದಕ್ಕೆ 'ಕರೇಜ್' ಅಥವಾ ಸುರಂಗ ಎನ್ನುತ್ತಾರೆ. ಇರಾನಿನಲ್ಲಿ ಬಹಳ ಹಿಂದಿನಿಂದಲೂ ಇದ್ದ ಪದ್ಧತಿ ಇದು. ಬೀದರದಲ್ಲಿಯೂ ಇಂತಹದೇ ಸುರಂಗಗಳಿವೆ. ಕರಾವಳಿಯ ಓದುಗರಿಗೆ ಕಾಸರಗೋಡು, ಪುತ್ತೂರು, ಬಂಟ್ವಾಳ ಕಡೆಯ ಗುಡ್ಡಗಳಲ್ಲಿ ಅಡ್ಡವಾಗಿ ಕೊರೆದ 'ಸುರಂಗ' ಬಾವಿಗಳು ಗೊತ್ತು. ಅವುಗಳ ದೊಡ್ಡ ಬಂಧು ಎಂದು ಇದನ್ನು ತಿಳಿಯಬಹುದು.

ಕೆಲಸ ಮಾಡುವ ರೀತಿ ಹೀಗಿದೆ. ಎತ್ತರದ ಜಾಗದಲ್ಲಿ ಅಂತರ್ಜಲ ಸಿಗುವವರೆಗೆ ಒಂದು ಬಾವಿ ತೋಡುತ್ತಾರೆ. ಅದರ ತಳಮಟ್ಟದಿಂದ ನೆಲದೊಳಗೇ ಸುರಂಗ ಕೊರೆಯುತ್ತಾರೆ. ಸುರಂಗದ ಇಳಿಜಾರು ತೀರ ಸೌಮ್ಯ, ಮೇಲಿನ ನೆಲದ ಇಳಿಜಾರಿಗಿಂತ ಕಡಿಮೆ. ಹೀಗಾಗಿ ಯಾವ ರಾಟೆಯೂ ಇಲ್ಲದೆ ನೀರು ತಾನಾಗಿ ಹರಿದು ಮುಂದೆ ಬರುತ್ತದೆ. ನಡುನಡುವೆ ಮೇಲಿನಿಂದ ನೇರವಾಗಿ ಗಾಳಿಬಾವಿಗಳನ್ನು ತೋಡಿರುತ್ತಾರೆ. ಮಣ್ಣು ಹೊರಗೆ ಹಾಕಲು, ಒಳಗೆ ಕೆಲಸ ಮಾಡುವವರಿಗೆ ಗಾಳಿ ಸಿಗಲು, ಆಮೇಲೆ ಹೂಳು ತೆಗೆಯಲು ಇವು ಬೇಕು. ನೀರು ನೆಲದಡಿಯಲ್ಲೇ ಹರಿಯುವುದರಿಂದ ಬಿಸಿಲಿಗೆ ಆವಿಯಾಗಿ ಹೋಗುವುದಿಲ್ಲ. ತೊರವಿಯ ಹತ್ತಿರ ಇರುವ 'ಸುರಂಗ ಬಾವಡಿ' ಈ ವ್ಯವಸ್ಥೆಯ ಒಂದು ಮುಖ್ಯ ಭಾಗ.

ನಗರ ತಲಪಿದ ನೀರು ಮಣ್ಣಿನ ಕೊಳವೆಗಳಲ್ಲಿ ಹರಿದು 'ಗಂಜ್' ಎಂಬ ಗೋಪುರಗಳಿಗೆ ಏರುತ್ತಿತ್ತು. ಗಂಜ್‌ಗಳಲ್ಲಿ ಕೆಸರು ತಳ ಸೇರುತ್ತಿತ್ತು, ನೀರಿನ ಒತ್ತಡ ಇಳಿಯುತ್ತಿತ್ತು, ಕೊಳವೆ ಒಡೆಯುವ ಭಯ ಇರಲಿಲ್ಲ. ಅಲ್ಲಿಂದ ಅರಮನೆ, ಮಸೀದಿ, ಬಾವಡಿ, ಕಾರಂಜಿಗಳಿಗೆ ನೀರು ಹಂಚಿಹೋಗುತ್ತಿತ್ತು. ಇಂತಹ ಗಂಜ್‌ಗಳನ್ನು ವಿಜಯಪುರ ನಗರದಲ್ಲಿ ಇಂದಿಗೂ ನೋಡಬಹುದು. ಮುಂದೆ 1651ರಲ್ಲಿ ಮಹಮ್ಮದ್ ಆದಿಲ್ ಶಾಹನ ಕಾಲದಲ್ಲಿ ನಗರದ ದಕ್ಷಿಣಕ್ಕೆ ಬೇಗಂ ತಲಾಬ್ ಎಂಬ ಕೆರೆಯೂ ಆಯಿತು.

ನಗರಕ್ಕೆ ನೀರು ಕೊಟ್ಟ ಹಳ್ಳಿಗೆ ಅದರಿಂದ ಆದ ಲಾಭ ಎಷ್ಟು ಎಂದು ಯಾವ ಶಾಸನವೂ ಲೆಕ್ಕ ಇಟ್ಟಂತಿಲ್ಲ. ಸುರಂಗದೊಳಗೆ ಬಗ್ಗಿ ನಡೆದು ಹೂಳು ತೆಗೆದ ಕೂಲಿಗಳ ಹೆಸರೂ ಉಳಿದಿಲ್ಲ. ಗುಮ್ಮಟದ ಕೆಳಗೆ ಮಲಗಿರುವವರ ಹೆಸರು ಮಾತ್ರ ನಮಗೆ ತಿಳಿದಿದೆ.

ಸಾಠ್ ಕಬರ್

ಸುರಂಗ ಬಾವಡಿಯ ಸಮೀಪದಲ್ಲಿ ಹೊಲಗಳ ನಡುವೆ ಒಂದು ಕಟ್ಟೆಯ ಮೇಲೆ ಸಾಲುಸಾಲಾಗಿ ಒಂದೇ ರೀತಿಯ ಅರುವತ್ತಕ್ಕೂ ಹೆಚ್ಚು ಗೋರಿಗಳಿವೆ. ಜನರು ಇದನ್ನು ಸಾಠ್ ಕಬರ್ ಎನ್ನುತ್ತಾರೆ. ಇವು ವಿಜಾಪುರದ ಸೇನಾಪತಿ ಅಫಜಲ್ ಖಾನನ ಹೆಂಡಂದಿರ ಗೋರಿಗಳೆಂದು ಹೇಳುತ್ತಾರೆ. ಶಿವಾಜಿಯ ಮೇಲೆ ದಂಡೆತ್ತಿ ಹೋಗುವ ಮೊದಲು, ತಾನು ಹಿಂದಿರುಗಲಾರೆ ಎಂಬ ಜ್ಯೋತಿಷಿಯ ಮಾತು ಕೇಳಿ, ಅವನು ಇವರನ್ನು ಕೊಂದನೆಂಬ ಕಥೆ ಊರೂರಲ್ಲಿ ಪ್ರಚಲಿತವಾಗಿದೆ. ಅಫಜಲ್ ಖಾನ್ 1659ರ ನವೆಂಬರಿನಲ್ಲಿ ಪ್ರತಾಪಗಡದ ಬುಡದಲ್ಲಿ ಹತನಾದದ್ದು ಇತಿಹಾಸ. ಹೆಂಡಂದಿರ ಕೊಲೆಯ ಸಂಗತಿ ಜನಪದ ಕಥೆಯಾಗಿಯೇ ನಮಗೆ ಬಂದಿದೆ. ಕಥೆಯನ್ನೂ ಇತಿಹಾಸವನ್ನೂ ಬೇರೆಬೇರೆಯಾಗಿ ಇಟ್ಟು ನೋಡುವುದು ಒಳಿತು. ಆದರೂ ಹೆಸರಿಲ್ಲದ ಆ ಗೋರಿಗಳ ಮುಂದೆ ನಿಂತವರು ಮೌನವಾಗುವುದು ಸಹಜ.

ತಿಕೋಟಾ ಮತ್ತು ಬಬಲೇಶ್ವರದ ಕಡೆಗೆ

ತೊರವಿಯಿಂದ ಅದೇ ರಸ್ತೆಯಲ್ಲಿ ಮುಂದೆ ಹೋದರೆ ತಿಕೋಟಾ. ನಗರದ ನೈಋತ್ಯಕ್ಕೆ, ಜಮಖಂಡಿ ರಸ್ತೆಯಲ್ಲಿ ಬಬಲೇಶ್ವರ. ಎರಡೂ ಮೊದಲು ವಿಜಯಪುರ ತಾಲ್ಲೂಕಿನ ಊರುಗಳು, 2018ರಿಂದ ಪ್ರತ್ಯೇಕ ತಾಲ್ಲೂಕುಗಳು. ತಿಕೋಟಾದ ಹಾಜಿ ಮಸ್ತಾನ್ ದರ್ಗಾ ಮತ್ತು ಬಬಲೇಶ್ವರದ ಗುರುಪಾದೇಶ್ವರ ಮಠ ಸುತ್ತಲಿನ ಜನರ ಶ್ರದ್ಧಾಕೇಂದ್ರಗಳು. ಬಬಲೇಶ್ವರ ತಾಲ್ಲೂಕಿನ ಮಮದಾಪುರದಲ್ಲಿ ಮಹಮ್ಮದ್ ಆದಿಲ್ ಶಾಹನ ಕಾಲದ ದೊಡ್ಡ ಕೆರೆಯಿದೆ. ನೀರಿಗಾಗಿ ನಡೆದ ಹಳೆಯ ಪ್ರಯತ್ನಗಳಲ್ಲಿ ಅದೂ ಒಂದು.

ಅದೇ ಪ್ರಯತ್ನ ನಮ್ಮ ಕಾಲದಲ್ಲಿಯೂ ಮುಂದುವರಿದಿದೆ. ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಯಿಂದ ಕೃಷ್ಣಾ ನದಿಯ ನೀರನ್ನು ಎತ್ತಿ ಈ ಭಾಗಕ್ಕೆ ತರಲಾಗಿದೆ. ತಿಕೋಟಾ ಸುತ್ತಮುತ್ತ ದ್ರಾಕ್ಷಿ ತೋಟಗಳು ಹೆಚ್ಚು. ಹಣ್ಣನ್ನು ಶೆಡ್ಡುಗಳಲ್ಲಿ ಬಲೆಯ ಅಟ್ಟಣಿಗೆಗಳ ಮೇಲೆ ಹರಡಿ ಒಣಗಿಸಿ ಒಣದ್ರಾಕ್ಷಿ ಮಾಡುತ್ತಾರೆ. ನಮ್ಮ ಮನೆಗಳಲ್ಲಿ ಕ್ರಿಸ್ಮಸ್ ಕೇಕಿಗೆ ಬಳಸುವ ಒಣದ್ರಾಕ್ಷಿಯಲ್ಲಿ ಈ ನೆಲದ್ದೂ ಸೇರಿರಬಹುದು. ಬರ ಬಂದ ವರ್ಷ ತೋಟ ಉಳಿಸಲು ಇಲ್ಲಿಯ ರೈತರು ಟ್ಯಾಂಕರಿನಲ್ಲಿ ನೀರು ತಂದು ಬಳ್ಳಿಗೆ ಹಾಕಿದ್ದಾರೆ.

ಇಂದಿನ ತೊರವಿ

ತೊರವಿಯಲ್ಲಿ ಇಂದು ಕರ್ನಾಟಕ ರಾಜ್ಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾನಿಲಯದ ಜ್ಞಾನಶಕ್ತಿ ಆವರಣವಿದೆ. 2003ರಲ್ಲಿ ಆರಂಭವಾದ ಇದು ರಾಜ್ಯದ ಮೊದಲ ಮಹಿಳಾ ವಿಶ್ವವಿದ್ಯಾನಿಲಯ. 2017ರಲ್ಲಿ ವಚನಕಾರ್ತಿ ಅಕ್ಕಮಹಾದೇವಿಯ ಹೆಸರನ್ನು ಇದಕ್ಕೆ ಇಡಲಾಯಿತು. ಸುಲ್ತಾನನು ಕಲಾವಿದರ ನಗರವನ್ನು ಕಟ್ಟಬಯಸಿದ ನೆಲದ ಪಕ್ಕದಲ್ಲೇ ಈಗ ಹಳ್ಳಿಗಾಡಿನ ಹೆಣ್ಣುಮಕ್ಕಳು ಪದವಿಗಾಗಿ ಓದುತ್ತಿದ್ದಾರೆ. ಅರ್ಧಕ್ಕೆ ನಿಂತ ಆ ಯೋಜನೆಗೆ ಇದಕ್ಕಿಂತ ಒಳ್ಳೆಯ ಮುಂದುವರಿಕೆ ಬೇರೆ ಇಲ್ಲ ಎಂದು ನಾವು ಭಾವಿಸುತ್ತೇವೆ.

ವಿಜಯಪುರ, ಬೀದರ, ಕಲಬುರಗಿ ಮತ್ತು ಹೈದರಾಬಾದಿನ ಗೋಲ್ಕೊಂಡ ಸೇರಿದಂತೆ ದಖ್ಖನಿನ ಸುಲ್ತಾನರ ಸ್ಮಾರಕಗಳು 2014ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿವೆ. 2016ರ ನಂತರ ತಾಜ್ ಬಾವಡಿ ಮೊದಲಾದ ನಗರದ ಹಳೆಯ ಬಾವಡಿಗಳ ಹೂಳು ತೆಗೆಸುವ ಕೆಲಸ ನಡೆಯಿತು. ಇವು ಸಂತೋಷದ ಸಂಗತಿಗಳು. ಆದರೆ ನಗರದ ಹೊರಗಿನ ಪರಂಪರೆಯ ಕಡೆಗೆ ಗಮನ ಬರುವುದು ಯಾವಾಗಲೂ ತಡವಾಗಿಯೇ. ಹೊಲದ ನಡುವಿನ ಗಾಳಿಬಾವಿಯೊಂದು ಕಸದಿಂದ ಮುಚ್ಚಿಹೋದರೆ ಅದು ಸುದ್ದಿಯಾಗುವುದಿಲ್ಲ. ಅದರೊಂದಿಗೆ ನಾಲ್ಕು ನೂರು ವರ್ಷದ ಒಂದು ಜ್ಞಾನವೂ ಮುಚ್ಚಿಹೋಗುತ್ತದೆ. ರಸ್ತೆ ಅಗಲವಾಗುವಾಗ, ಬಡಾವಣೆಗೆ ಹೊಲ ಸಮವಾಗುವಾಗ ಮೊದಲು ಹೋಗುವುದು ಹೆಸರಿಲ್ಲದ ಇಂತಹ ಗುರುತುಗಳೇ.

ಹೋಗುವವರಿಗೆ

ವಿಜಯಪುರಕ್ಕೆ ಹೋಗುವ ನಮ್ಮ ಶಾಲೆ, ಯುವ ಸಂಘಟನೆ ಮತ್ತು ಧರ್ಮಕೇಂದ್ರಗಳ ಪ್ರವಾಸ ತಂಡಗಳು ಅರ್ಧ ದಿನ ಹೆಚ್ಚು ಇಟ್ಟುಕೊಂಡರೆ ತಾಜ್ ಬಾವಡಿ, ಇಬ್ರಾಹಿಂ ರೋಜಾ, ಸಂಗೀತ ಮಹಲ್, ತೊರವಿಯ ನರಸಿಂಹ ದೇವಸ್ಥಾನ, ಸುರಂಗ ಬಾವಡಿ ಇಷ್ಟನ್ನೂ ಒಂದೇ ದಿಕ್ಕಿನ ಪ್ರಯಾಣದಲ್ಲಿ ನೋಡಬಹುದು. ಬೇಸಿಗೆಯ ಬಿಸಿಲು ಕಠಿಣ. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಉತ್ತಮ. ಸುರಂಗ ಹಾಗೂ ಹಳೆಯ ಬಾವಿಗಳ ಅಂಚಿಗೆ ಮಕ್ಕಳನ್ನು ಬಿಡಬಾರದು, ಒಳಗೆ ಇಳಿಯಲೂ ಬಾರದು. ಹೊಲದಲ್ಲಿ ಹೋಗುವಾಗ ರೈತರನ್ನು ಕೇಳಿಯೇ ಹೋಗಬೇಕು. ಗೋಡೆಗಳ ಮೇಲೆ ಹೆಸರು ಗೀಚದಂತೆ ಮಕ್ಕಳಿಗೆ ಮೊದಲೇ ಹೇಳಿರಬೇಕು.

ಜೊತೆಗೆ ಇನ್ನೊಂದು ಮಾತನ್ನೂ ನಮ್ಮ ಓದುಗರ ಗಮನಕ್ಕೆ ತರಬಯಸುತ್ತೇವೆ. ತೊರವಿಯ ಬಳಿ ಸುಲ್ತಾನನು ಕಟ್ಟಿಸಿದ ನಗರ 25 ವರ್ಷ ಬಾಳಿತು. ಊರಿನ ಕವಿಯ ಕಾವ್ಯ 500 ವರ್ಷಗಳಿಂದ ಬಾಳುತ್ತಿದೆ, ಏಕೆಂದರೆ ಅದನ್ನು ಜನರು ಓದಿದರು, ಕೇಳಿದರು, ಪ್ರತಿ ಮಾಡಿಕೊಂಡರು, ಆಟವಾಗಿ ಆಡಿದರು. ಊರಿನ ಪರಂಪರೆ ಉಳಿಯುವುದು ಈ ರೀತಿಯ ಬಳಕೆಯಿಂದ. ನಮ್ಮ ಪ್ರತಿಯೊಂದು ಹಳ್ಳಿಯಲ್ಲಿಯೂ ಹಳೆಯ ಬಾವಿ, ಕಟ್ಟೆ, ಗದ್ದೆಯ ಹೆಸರು, ಹಾಡು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಅವರನ್ನು ಕೇಳಿ, ಇಸವಿ ಮತ್ತು ಸ್ಥಳದ ಹೆಸರಿನೊಂದಿಗೆ ಬರೆದಿಟ್ಟುಕೊಳ್ಳಲು ಒಂದು ನೋಟುಪುಸ್ತಕ ಸಾಕು. ಆ ಕೆಲಸಕ್ಕೆ ಹೆಚ್ಚು ವರ್ಷಗಳು ಉಳಿದಿಲ್ಲ.